ಅರ್ಧ ಮಿಲಿಮೀಟರ್ ಮರ

ನಿಂತ ಮರದ ಒಳಗೆ ಬರೀ ಕತ್ತಲು. ತೇಗದ ಮರವೊಂದು ಅರವತ್ತು ವರ್ಷ ಬದುಕಿತೆನ್ನಿ, ಅದರ ತಿರುಳಿಗೆ ಒಂದು ದಿನವೂ ಬಿಸಿಲು ತಾಗಿರುವುದಿಲ್ಲ. ಅಲ್ಲಿನ ಜೇನುಬಣ್ಣ, ಕಂದು ಗೆರೆ, ಸುಳಿ ಇವನ್ನು ಯಾವ ಕಣ್ಣೂ ಕಂಡಿರುವುದಿಲ್ಲ. ಹೂವಿನ ಬಣ್ಣ ದುಂಬಿಗೆ, ಹಣ್ಣಿನ ಬಣ್ಣ ಹಕ್ಕಿಗೆ ಅನ್ನಬಹುದು. ತಿರುಳಿನ ಬಣ್ಣ ಯಾರಿಗೆ? ಕೇಳಿದರೆ ವಿಜ್ಞಾನಿಗಳು ಉತ್ತರ ಕೊಡುತ್ತಾರೆ: ಗೆದ್ದಲು, ಬೂಷ್ಟು ಹತ್ತದಿರಲೆಂದು ಮರ ತನ್ನ ಸತ್ತ ಜೀವಕೋಶಗಳಲ್ಲಿ ಕೆಲವು ರಾಸಾಯನಿಕ ತುಂಬಿಡುತ್ತದೆ, ಆ ಬಣ್ಣ ಅದರದು. ಉತ್ತರ ಸರಿಯೇ. ಆದರೆ ಕಾವಲಿಗೆಂದು ತುಂಬಿಟ್ಟ ವಸ್ತು ಇಷ್ಟು ಚೆಲುವಾಗಿರಬೇಕಾದ ಅಗತ್ಯವೇನಿತ್ತು ಎಂದು ನನ್ನ ಮನಸ್ಸು ಮತ್ತೆ ಕೇಳುತ್ತದೆ. ಮರ ಬೀಳದಿದ್ದರೆ, ಬಿದ್ದ ಮರ ಸೀಳದಿದ್ದರೆ, ಆ ಚೆಲುವು ಕತ್ತಲಲ್ಲಿಯೇ ಇದ್ದು ಕತ್ತಲಲ್ಲಿಯೇ ಮುಗಿದುಹೋಗುತ್ತಿತ್ತು.

ಈ ಯೋಚನೆ ನನ್ನನ್ನು ಹಿಡಿದದ್ದು ಬಿಳಿಚೋಡಿನ ಮನೆಗೆ ಪುಸ್ತಕದ ಕಪಾಟು ಮಾಡಿಸುವಾಗ. ಎರಡು ಬಾಗಿಲು, ಕೆಳಗೆ ಮೂರು ಡ್ರಾಯರ್, ಮೈಗೆಲ್ಲ ತೇಗದ ವೀನಿಯರ್, ಅಂದರೆ ಪ್ಲೈ ಮೇಲೆ ಅಂಟಿಸುವ ತೇಗದ ತೆಳುಪದರ. ದಾವಣಗೆರೆಯಿಂದ ಹಾಳೆಗಳನ್ನು ತಂದದ್ದು, ಕೆಲಸ ಊರಿನ ಆಚಾರ್ರದು. ವೀನಿಯರ್ ಎಂದರೆ ಬಡವರ ತೇಗ, ಮೇಲ್ಮೈಯ ವೇಷ ಎಂದು ಅನೇಕರಿಗೆ ಒಂದು ಭಾವನೆ ಇದೆ. ಕಪಾಟು ಮುಗಿಯುವ ಹೊತ್ತಿಗೆ ನನಗೆ ಅದು ಶುದ್ಧ ತಪ್ಪು ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ನಮ್ಮೂರು ದಾವಣಗೆರೆಯಿಂದ ಜಗಳೂರಿಗೆ ಹೋಗುವ ದಾರಿಯಲ್ಲಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಚಿತ್ರದುರ್ಗಕ್ಕೆ ಸೇರಿದ್ದ ಸೀಮೆ ಇದು. ಇದೇ ಜಿಲ್ಲೆಯ ಚನ್ನಗಿರಿಗೆ ಸೂಳೆಕೆರೆ ಇದೆ, ಹೊನ್ನಾಳಿ, ನ್ಯಾಮತಿಯವರಿಗೆ ತುಂಗಭದ್ರೆ ಇದ್ದಾಳೆ. ನಾವು ಮಾತ್ರ ಮುಗಿಲು ನೋಡಿ ಬದುಕಿದವರು. ಇಲ್ಲಿ ಮರ ಅಂದರೆ ಬೇವು, ಜಾಲಿ, ಹುಣಸೆ, ಹೊಂಗೆ. ಜಾಲಿ ನೇಗಿಲಿಗೆ, ಗಾಡಿಯ ಗಾಲಿಗೆ. ಬೇವು ಮಾಳಿಗೆ ಮನೆಯ ತೊಲೆಗೆ, ಬಾಗಿಲಿಗೆ. ಬಯಲುಸೀಮೆಯ ಕಾಡಿನಲ್ಲಿ ಕಮರ ಎಂಬ ಮರವೊಂದಿದೆ, ಅದರ ತಿರುಳು ನೀರಿನಲ್ಲಿ ತೇಲದೆ ಮುಳುಗುವಷ್ಟು ಭಾರ. ನಿಧಾನವಾಗಿ, ಕಷ್ಟದಲ್ಲಿ ಬೆಳೆದ ಮರಗಳು ಇವೆಲ್ಲ. ಇಂಥ ನೆಲದಲ್ಲಿ ಇಡೀ ತೇಗದ ದಿಮ್ಮಿಯಿಂದ ಕಪಾಟು ಮಾಡಿಸುತ್ತೇನೆ ಎನ್ನುವುದು ನನಗೇಕೋ ದುಂದು ಅನ್ನಿಸುತ್ತದೆ. ಹಣದ ಮಾತಲ್ಲ, ಮರದ ಮಾತು.

ಲೆಕ್ಕ ಹಾಕಿ ನೋಡಿ. ಮೂವತ್ತು ಸೆಂಟಿಮೀಟರ್ ದಪ್ಪದ ಒಂದು ತೇಗದ ತೊಲೆ ಇದೆ ಎಂದುಕೊಳ್ಳೋಣ. ಸಾಮಿಲ್‌ನಲ್ಲಿ ಒಂದಿಂಚಿನ ಹಲಗೆಗಳಾಗಿ ಕೊಯ್ದರೆ ಹತ್ತು ಹಲಗೆ ಸಿಗುತ್ತವೆ. ಪ್ರತಿ ಕೊಯ್ತದಲ್ಲೂ ಗರಗಸದ ದಪ್ಪದಷ್ಟು ಮರ ಹೊಟ್ಟಾಗಿ ಉದುರುತ್ತದೆ. ಅದೇ ತೊಲೆಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಬೇಯಿಸಿ ಮೆತ್ತಗೆ ಮಾಡಿ, ಉದ್ದನೆಯ ಅಲಗಿನಿಂದ ಅರ್ಧ ಮಿಲಿಮೀಟರ್ ದಪ್ಪಕ್ಕೆ ಹೆರೆದರೆ, ಕೊನೆಗೆ ಯಂತ್ರದಲ್ಲಿ ಉಳಿಯುವ ತುಂಡನ್ನು ಬಿಟ್ಟೂ ಐನೂರಕ್ಕೆ ಮಿಕ್ಕಿ ಪದರ ಬರುತ್ತವೆ. ಅಲಗು ಕೊಯ್ಯುವುದರಿಂದ ಹೊಟ್ಟೇ ಇಲ್ಲ. ಒಂದು ಮನೆಯ ಕಪಾಟಿಗೆ ಸಾಕಾಗದಿದ್ದ ಮರ ಒಂದು ಬೀದಿಯ ಮನೆಗಳಿಗೆ ಹಂಚಿಹೋಗುತ್ತದೆ. ಬೀಟೆಯ ವಿಷಯದಲ್ಲಿ ಈ ಮಿತವ್ಯಯ ಇನ್ನೂ ಮುಖ್ಯ. ಬೀಟೆಯ ಕುಲಕ್ಕೆ ಸೇರಿದ ಮರಗಳೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ, ಅಷ್ಟು ಕಡಿದಿದ್ದೇವೆ.

ಮರವನ್ನು ಹೀಗೆ ತೆಳುವಾಗಿಸಿ ಅಂಟಿಸುವುದು ಯಂತ್ರ ಬಂದ ಮೇಲೆ ಹೊಳೆದ ಉಪಾಯ ಎಂದು ನಾನು ಬಹುಕಾಲ ತಿಳಿದಿದ್ದೆ. ಹಾಗಲ್ಲ. ಈಜಿಪ್ಟಿನ ಥೀಬ್ಸ್‌ನಲ್ಲಿ ರೆಖ್‌ಮಿರೆ ಎಂಬ ಮಂತ್ರಿಯ ಸಮಾಧಿ ಇದೆ, ಸುಮಾರು 3,400 ವರ್ಷ ಹಳೆಯದು. ಅದರ ಗೋಡೆಯ ಚಿತ್ರಗಳಲ್ಲಿ ಬಡಗಿಗಳು ಕೆಲಸ ಮಾಡುತ್ತಿದ್ದಾರೆ: ಒಲೆಯ ಮೇಲೆ ಅಂಟಿನ ಪಾತ್ರೆ ಕಾಯುತ್ತಿದೆ, ಸಾಧಾರಣ ಮರದ ಮೇಲೆ ಬೆಲೆಬಾಳುವ ಮರದ ತೆಳುಹಲಗೆ ಕೂರುತ್ತಿದೆ. ಅದೂ ಮರುಭೂಮಿಯ ನಾಡು. ಒಳ್ಳೆಯ ಮರವೆಲ್ಲ ದೂರದ ದೇಶಗಳಿಂದ ಬರಬೇಕಾಗಿತ್ತು. ಮರ ಕಡಿಮೆ ಇದ್ದ ಕಡೆಯೇ ಮರವನ್ನು ತೆಳುವಾಗಿ, ಗೌರವದಿಂದ ಬಳಸುವ ಈ ವಿದ್ಯೆ ಬೆಳೆದದ್ದು ನನಗೆ ತುಂಬ ಅರ್ಥಪೂರ್ಣವಾಗಿ ಕಾಣುತ್ತದೆ. ನಮ್ಮಲ್ಲೇ ಮೈಸೂರಿನ ಬೀಟೆಮರದ ಕುಸುರಿಯವರು ಇದರ ಹತ್ತಿರದ ನೆಂಟರು. ಬೇರೆ ಬೇರೆ ಮರಗಳ ಸ್ವಂತ ಬಣ್ಣವನ್ನೇ ನೆಚ್ಚಿ, ತೆಳುತುಂಡುಗಳನ್ನು ಕೂರಿಸಿ ಚಿತ್ರ ಮಾಡುತ್ತಾರೆ.

ಹಾಳೆಗಳು ಮನೆಗೆ ಬಂದ ದಿನ ನಾನು ಅಳತೆಯ ಚೀಟಿ ಹಿಡಿದು ಕೊಯ್ಯಲು ಅವಸರ ಮಾಡುತ್ತಿದ್ದೆ. ಆಚಾರ್ರು ಒಪ್ಪಲಿಲ್ಲ. “ಮೊದಲು ನೆಲಕ್ಕೆ ಹಾಸ್ರಿ ಮೇಷ್ಟ್ರೆ, ನೋಡಾಣ” ಅಂದರು. ಅಂಗಳದಲ್ಲಿ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಾಳೆಗಳನ್ನು ಹಾಸಿದೆವು. ಪೇಟೆಯಲ್ಲಿ ಸಿಗುವ ಹಾಳೆ ಎಂದರೆ ನಾಲ್ಕು ಮಿಲಿಮೀಟರ್ ಪ್ಲೈ ಮೇಲೆ ಅಂಟಿಸಿದ ವೀನಿಯರ್. ಒಂದೊಂದು ಹಾಳೆಯಲ್ಲೂ ಒಂದೇ ತೊಲೆಯ ಹಲವು ಪದರಗಳು ಪಕ್ಕಪಕ್ಕ ಸೇರಿರುತ್ತವೆ, ಒಂದು ಮಗುಚಿ, ಒಂದು ಹಾಗೇ. ಹೀಗೆ ಪುಸ್ತಕದ ಎರಡು ಪುಟಗಳಂತೆ ಬಿಡಿಸಿಟ್ಟಾಗ ಎಡಗಡೆಯ ಗೆರೆ ಬಲಗಡೆಯ ಗೆರೆಗೆ ಬಂದು ಕೂಡುತ್ತದೆ. ಆಚಾರ್ರು ಕುಕ್ಕರಗಾಲಿನಲ್ಲಿ ಕೂತು ಬೆರಳಿನಿಂದ ಗೆರೆ ಹಿಡಿದು ಹೋದರು. ಒಂದು ಸಂದಿಯ ಹತ್ತಿರ ಬೆರಳು ನಿಂತಿತು. “ಇದಕ್ಕೆ ಇದು ಜೋಡಿ. ಎರಡು ಬಾಗಿಲು ಕೂಡೋ ಗೆರೆ ಇಲ್ಲೇ ಬರ್ಬೇಕು. ಬೇರೆ ಮಾಡಬಾರ್ದು.” ಆಮೇಲೆ ಸೀಮೆಸುಣ್ಣದಲ್ಲಿ ಹಿಂಬದಿಗೆ ನಂಬರ್ ಬರೆದರು, ಬಾಗಿಲಿನ ಕೆಳಗಿನ ತುಂಡಿನಲ್ಲೇ ಮೂರು ಡ್ರಾಯರಿನ ಮುಖವನ್ನೂ ಗುರುತು ಹಾಕಿದರು. ಮೇಲಿನಿಂದ ಕೆಳಗಿನವರೆಗೆ ಗೆರೆ ಎಲ್ಲೂ ತುಂಡಾಗಬಾರದು ಎಂಬುದು ಅವರ ಹಟ. ಅಳತೆ ಬದಲಾದದ್ದು ಆಗಲೇ. ನನ್ನ ಚೀಟಿಯ ಬಾಗಿಲಿನ ಅಗಲ ಮರದ ಸಂದಿಗೆ ತಕ್ಕಂತೆ ಒಂದೂವರೆ ಇಂಚು ಸರಿಯಿತು. ಕಪಾಟನ್ನು ನಾವಿಬ್ಬರೇ ಅಲ್ಲ, ಆ ಮರವೂ ಕೂತು ವಿನ್ಯಾಸ ಮಾಡಿತು ಎಂದು ನಾನು ನಂಬುತ್ತೇನೆ.

ಆ ಹಾಳೆಗಳಲ್ಲಿ ಕೆಳಗೆ ಅಗಲವಾಗಿ, ಮೇಲೆ ಹೋದಂತೆ ಮೊನಚಾಗಿ, ಒಂದರೊಳಗೊಂದು ಗೋಪುರ ನಿಂತ ಆಕಾರ ಇರುತ್ತದೆ. ಅದು ಹೇಗೆ ಬಂತು ಎಂಬುದು ನನಗೆ ಓದಿ ತಿಳಿದಾಗ ರೋಮಾಂಚನವಾಯಿತು. ಮರ ಪ್ರತಿ ವರ್ಷ ತನ್ನ ಮೈಮೇಲೆ ಹೊಸದೊಂದು ಪದರ ತೊಡುತ್ತದೆ, ಬುಡದಲ್ಲಿ ಅಗಲ, ತುದಿಯಲ್ಲಿ ಸಣ್ಣ. ಮಗುವಿನ ತಲೆಗೆ ಕುಲಾವಿಯ ಮೇಲೆ ಕುಲಾವಿ ತೊಡಿಸುತ್ತ ಹೋದ ಹಾಗೆ. ಜ್ಯಾಮಿತಿಯ ಮಾತಿನಲ್ಲಿ ಅವು ಒಂದರ ಮೇಲೊಂದು ಕೂತ ಉದ್ದನೆಯ ಶಂಕುಗಳು. ಶಂಕುವನ್ನು ಅದರ ನಡು ಅಕ್ಷಕ್ಕೆ ಸಮಾನಾಂತರವಾಗಿ, ನಡುವಿನಿಂದ ಸ್ವಲ್ಪ ದೂರ ಕೊಯ್ದರೆ ಸಿಗುವ ವಕ್ರರೇಖೆ ಅತಿಪರವಲಯ. ಪಿಯುಸಿ ಗಣಿತದಲ್ಲಿ ಸಮೀಕರಣ ಬರೆದು ಬೆವರಿದ ಅದೇ ವಕ್ರರೇಖೆಯನ್ನು ಮರ ಯಾವ ಸಮೀಕರಣವೂ ಇಲ್ಲದೆ ವರ್ಷಕ್ಕೊಂದರಂತೆ ಎಳೆದಿಟ್ಟಿದೆ. ಅಲಗು ನಡುವಿಗೆ ಹೋದಂತೆ ಅದೇ ಗೋಪುರ ಕರಗಿ ನೆಟ್ಟಗಿನ ಗೆರೆಗಳಾಗುತ್ತದೆ.

ಆ ಗೆರೆಗಳು ಮಳೆಯ ಗೆರೆಗಳು. ತೇಗ ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಂತು, ಮಳೆ ಹಿಡಿದಾಗ ಮತ್ತೆ ಬೆಳೆಯಲು ತೊಡಗುತ್ತದೆ. ಆಗ ಮೊದಲು ಹುಟ್ಟುವ ನೀರಿನ ನಾಳಗಳು ದೊಡ್ಡವು, ಬರಿಗಣ್ಣಿಗೇ ಸೂಜಿರಂಧ್ರಗಳ ಸಾಲಾಗಿ ಕಾಣುವಷ್ಟು. ಕಾಲ ಸರಿದಂತೆ ಸಣ್ಣವಾಗುತ್ತವೆ. ಮಳೆ ಚೆನ್ನಾದ ವರ್ಷ ಗೆರೆಗಳ ನಡುವೆ ಅಂತರ ಅಗಲ, ಬರ ಬಿದ್ದರೆ ಕಿರಿದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಕೇರಳದ ಹಳೆಯ ತೇಗಗಳ ಉಂಗುರ ಓದಿ, ಮಳೆಮಾಪಕ ಇಲ್ಲದ ಕಾಲದ ಮುಂಗಾರಿನ ಲೆಕ್ಕ ತೆಗೆದಿದ್ದಾರೆ. ಜಗಳೂರು ಸೀಮೆಯವನಿಗೆ ಇದು ಬರೀ ಮಾಹಿತಿಯಾಗಿ ಉಳಿಯುವುದಿಲ್ಲ. ನನ್ನ ಕಪಾಟಿನ ಬಲಬಾಗಿಲಿನಲ್ಲಿ ಒಂದು ಕಡೆ ಗೆರೆಗಳು ಒತ್ತೊತ್ತಾಗಿ ಬಂದಿವೆ. ಅದು ಯಾವ ದೇಶದ ಕಾಡೋ, ಯಾವ ವರ್ಷವೋ. ಅಲ್ಲಿಯ ಜನವೂ ಆ ವರ್ಷಗಳಲ್ಲಿ ನಮ್ಮ ಹಾಗೇ ಮುಗಿಲು ನೋಡಿರಬೇಕು. ಅವರ ಬರ ನಮ್ಮ ನಡುಮನೆಯಲ್ಲಿ ಚೆಂದದ ಗೆರೆಯಾಗಿ ನಿಂತಿದೆ.

ಇನ್ನೊಂದು ಲೆಕ್ಕ ಇದಕ್ಕಿಂತ ಆಳಕ್ಕೆ ಇಳಿಯಿತು. ಎರಡು ಬಾಗಿಲು ಕೂಡುವಲ್ಲಿ ಇರುವ ಪದರಗಳು ತೊಲೆಯಲ್ಲಿ ಒಂದರ ಬೆನ್ನಿಗೊಂದು ಇದ್ದವು. ಅವುಗಳ ನಡುವೆ ಅರ್ಧ ಮಿಲಿಮೀಟರ್ ಅಂತರ. ಕಾಂಡದ ನಡುವಿನಿಂದ ತೊಗಟೆಯ ಕಡೆಗೆ ವರ್ಷಕ್ಕೆ ನಾಲ್ಕೈದು ಮಿಲಿಮೀಟರ್ ಬೆಳೆಯುವ ಮರವಾದರೆ, ಅಷ್ಟು ದಪ್ಪ ಕಟ್ಟಲು ಮಳೆಗಾಲದ ಕೆಲವು ವಾರ ಸಾಕು. ಅಂದರೆ ಗೋಪುರದ ನಡುಭಾಗದಲ್ಲಿ ಎಡಬಾಗಿಲು ಒಂದು ಹುಣ್ಣಿಮೆಯ ಹೊತ್ತಿಗೆ ಬೆಳೆದದ್ದಾದರೆ ಬಲಬಾಗಿಲು ಅದರ ಮುಂದಿನ ಹುಣ್ಣಿಮೆಯ ಆಸುಪಾಸಿನದು. ಕಪಾಟಿನ ಬಾಗಿಲು ತೆಗೆಯುವಾಗ ಎರಡು ಹಿಡಿಕೆಗಳ ನಡುವೆ ಒಂದು ತಿಂಗಳಿನಷ್ಟು ಕಾಲ ಇದೆ ಎಂಬುದು ನೆನಪಾಗಿ ಕೈ ನಿಂತುಬಿಡುತ್ತದೆ.

ಬೆಳಕಿನದು ಬೇರೆಯೇ ಸೋಜಿಗ. ಸಂಜೆ ಕಿಟಕಿಯ ಬೆಳಕಿನಲ್ಲಿ ನೋಡಿದರೆ ಒಂದು ಪದರ ತಿಳಿಯಾಗಿ, ಪಕ್ಕದ ಜೋಡಿ ಪದರ ತುಸು ಕಪ್ಪಾಗಿ ಕಾಣುತ್ತದೆ. ಪಾಲಿಶ್ ಸರಿಯಾಗಿ ಬಿದ್ದಿಲ್ಲ ಎಂದು ಬಂದವರು ಹೇಳುತ್ತಾರೆ. ನಾಲ್ಕು ಹೆಜ್ಜೆ ಆ ಕಡೆ ನಡೆದು ನೋಡಿ ಅನ್ನುತ್ತೇನೆ. ನಡೆದರೆ ಎರಡೂ ಅದಲುಬದಲು: ಕಪ್ಪಾಗಿದ್ದದ್ದು ಬೆಳಗುತ್ತದೆ, ಬೆಳಗಿದ್ದದ್ದು ಕಪ್ಪಾಗುತ್ತದೆ. ಮರದ ನಾರು ಹಾಳೆಯ ಮುಖಕ್ಕೆ ಪೂರ್ತಿ ಸಮವಾಗಿ ಹೋಗುವುದಿಲ್ಲ, ಸ್ವಲ್ಪ ಓರೆಯಾಗಿ ಹೋಗುತ್ತದೆ. ಒಂದು ಪದರವನ್ನು ಮಗುಚಿದಾಗ ಅದರ ಓರೆಯೂ ತಿರುವುಮುರುವು. ಹೀಗಾಗಿ ಒಂದು ಬೆಳಕನ್ನು ನಮ್ಮ ಕಡೆ ಎಸೆಯುವಾಗ ಇನ್ನೊಂದು ಆಚೆಗೆ ಎಸೆಯುತ್ತದೆ. ಕಾರಣ ತಿಳಿದ ಮೇಲೂ ನಾನು ಆ ನಾಲ್ಕು ಹೆಜ್ಜೆ ನಡೆಯುವುದನ್ನು ಬಿಟ್ಟಿಲ್ಲ.

ಇಷ್ಟು ತೆಳುವಾದ ವೀನಿಯರ್ ನಿಲ್ಲುವುದು ಬೆನ್ನಿಗಿರುವ ಪ್ಲೈನಿಂದ. ಮರ ಸತ್ತರೂ ಅದರ ನೀರಿನ ಚಟ ಹೋಗುವುದಿಲ್ಲ. ಮಳೆಗಾಲದಲ್ಲಿ ಹೀರಿ ಹಿಗ್ಗುತ್ತದೆ, ನಮ್ಮ ಮಾರ್ಚ್ ಏಪ್ರಿಲ್ಲಿನ ಒಣಗಾಳಿಗೆ ಕುಗ್ಗುತ್ತದೆ. ನಾರಿನುದ್ದಕ್ಕೆ ಅಲುಗಾಟ ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಜಾಸ್ತಿ. ಹಳೆಯ ಬಡಗಿಗಳು ಅದಕ್ಕೇ ಬಾಗಿಲಿನ ಹಲಗೆಯನ್ನು ಚೌಕಟ್ಟಿನ ಕಾಲುವೆಯೊಳಗೆ ಸಡಿಲವಾಗಿ ಕೂರಿಸುತ್ತಿದ್ದರು, ಅಂಟು ಹಾಕುತ್ತಿರಲಿಲ್ಲ. ಪ್ಲೈನಲ್ಲಿ ಪದರಗಳು ಒಂದು ಉದ್ದ ಒಂದು ಅಡ್ಡ ಕೂತು ಒಂದನ್ನೊಂದು ಹಿಡಿದಿಟ್ಟುಕೊಳ್ಳುತ್ತವೆ. ಮುಖ ಬೆನ್ನುಗಳ ನಾರು ಒಂದೇ ದಿಕ್ಕಿಗಿರಲೆಂದು ಪದರಗಳ ಸಂಖ್ಯೆ ಬೆಸವಾಗಿರುತ್ತದೆ. ಬಾಗಿಲಿನ ಒಂದು ಮಗ್ಗುಲಿಗೆ ಮಾತ್ರ ಹಾಳೆ ಅಂಟಿಸಿದರೆ ಅದು ಸೊಟ್ಟಗಾಗುತ್ತದೆ ಎಂದು ಆಚಾರ್ರು ಒಳಮಗ್ಗುಲಿಗೂ ಹಾಳೆ ಹಾಕಿದರು. ಯಾರೂ ನೋಡದ ಮಗ್ಗುಲನ್ನು ಸರಿಯಾಗಿ ಮಾಡಿದರಷ್ಟೇ ನೋಡುವ ಮಗ್ಗುಲು ನೆಟ್ಟಗಿರುತ್ತದೆ. ಅಂಚಿಗೆ ಗಟ್ಟಿ ತೇಗದ ಪಟ್ಟಿ ಬಂತು.

ಆಮೇಲೆ ಉಜ್ಜುವ ಕೆಲಸ. ಇಲ್ಲಿ ಆಚಾರ್ರ ಮಾತು ನಿಂತುಹೋಯಿತು. ಮರಳುಕಾಗದವನ್ನು ಮರದ ತುಂಡಿಗೆ ಸುತ್ತಿ, ನಾರಿನ ದಿಕ್ಕಿಗೇ, ಹಗುರವಾಗಿ. ಅಂಚಿಗೆ ಬಂದಾಗ ಕೈ ಇನ್ನೂ ಹಗುರ. ಒಂದು ಸಲ ಹೆಚ್ಚು ಒತ್ತಿದರೆ ಅರ್ಧ ಮಿಲಿಮೀಟರ್ ಸವೆದು ಕೆಳಗಿನ ಪ್ಲೈ ಇಣುಕುತ್ತದೆ, ಅದಕ್ಕೆ ಮದ್ದಿಲ್ಲ. ಅವರು ಕಣ್ಣಿಗಿಂತ ಅಂಗೈಯನ್ನು ನಂಬುತ್ತಿದ್ದರು. ಉಜ್ಜುವುದು, ಅಂಗೈ ಸವರುವುದು, ಮತ್ತೆ ಉಜ್ಜುವುದು. ಧೂಳೆಲ್ಲ ಒರೆಸಿ ಪಾಲಿಶಿನ ಮೊದಲ ಕೈ ಎಳೆದಾಗ, ಅಲ್ಲಿಯವರೆಗೆ ಮಸುಕು ಕಂದಾಗಿದ್ದ ಮರ ಬಟ್ಟೆ ಹೋದ ದಾರಿಯಲ್ಲೇ ಜೇನಿನ ಬಣ್ಣಕ್ಕೆ ತಿರುಗಿತು. ಸೂಜಿರಂಧ್ರಗಳ ಸಾಲು ಒಂದೊಂದೂ ಎದ್ದು ಬಂದವು. ಅಂಗಳಕ್ಕೆ ಬಂದಿದ್ದ ಪಕ್ಕದ ಮನೆಯ ಅಜ್ಜಿ “ಅಯ್ಯಯ್ಯೋ, ಇದು ಒಳಗೇ ಇತ್ತೇನಪ್ಪ?” ಅಂದರು. ನನಗೆ ಹೇಳಲು ಸಾಧ್ಯವಾಗದೆ ಒದ್ದಾಡಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು.

ವೀನಿಯರಿನ ಬದಲು ಸನ್‌ಮೈಕಾ ಹಾಕಿಸುವವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಡುಗೆಮನೆಯ ನೀರು, ಎಣ್ಣೆ, ಮಕ್ಕಳ ಕೈ ಎಲ್ಲವನ್ನೂ ಅದು ತಾಳುತ್ತದೆ. ಆದರೆ ಅದರ ಮೇಲಿನ ಮರ ಅಚ್ಚು ಹಾಕಿದ್ದು. ಒಂದೇ ಗಂಟು ಎಷ್ಟೋ ಮನೆಗಳಲ್ಲಿ ಒಂದೇ ಆಕಾರದಲ್ಲಿ ಬರುತ್ತದೆ. ವೀನಿಯರಿನಲ್ಲೂ ಈಗ ಬಣ್ಣ ಹಾಕಿದ ಅಗ್ಗದ ಮರವನ್ನು ಅಂಟಿಸಿ ಮತ್ತೆ ಹೆರೆದು, ಎಲ್ಲ ಹಾಳೆಯೂ ಒಂದೇ ಥರ ಬರುವಂತೆ ಮಾಡುವುದಿದೆ. ಗ್ರಾಹಕರು ಅದನ್ನೇ ಕೇಳುತ್ತಾರಂತೆ. ನನಗಿದು ಬೇಸರದ ಸಂಗತಿ. ಬಿದ್ದ ಮರವೊಂದು ಮತ್ತೆಂದೂ ಬಾರದ ತನ್ನ ವರ್ಷಗಳನ್ನು ಮನೆಯೊಳಗೆ ತೆರೆದು ತೋರಿಸುವಾಗ, ಆ ಬಣ್ಣ ಇಲ್ಲಿ ಸ್ವಲ್ಪ ಬೇರೆ ಇದೆಯಲ್ಲ ಎಂದು ದೂರುವುದು ನಮಗೆ ಶೋಭೆಯಲ್ಲ.

ಕಪಾಟು ಮಾಡಿಸುವ ಯೋಚನೆ ಇದ್ದವರಲ್ಲಿ ಒಂದು ಕೋರಿಕೆ. ಅಂಗಡಿಯಲ್ಲಿ ಒಂದೇ ಕಟ್ಟಿನ, ಒಂದರ ಹಿಂದೊಂದು ಬರುವ ನಂಬರಿನ ಹಾಳೆಗಳನ್ನೇ ಕೇಳಿ ತೆಗೆದುಕೊಳ್ಳಿ. ಬೇಕಾದದ್ದಕ್ಕಿಂತ ಒಂದು ಹೆಚ್ಚಿಗೆ ಇರಲಿ, ಆಮೇಲೆ ಅದರ ಜೋಡಿ ಸಿಗುವುದಿಲ್ಲ. ಗರಗಸ ಇಡುವ ಮೊದಲು ಎಲ್ಲವನ್ನೂ ಬೆಳಕಿನಲ್ಲಿ ಹಾಸಿ, ಮನೆಯವರನ್ನೆಲ್ಲ ಕರೆದು, ನಿಮ್ಮ ಆಚಾರ್ರ ಪಕ್ಕದಲ್ಲಿ ಕೂತು ಒಂದು ಗಂಟೆ ನೋಡಿ. ಅದಕ್ಕಾಗಿ ಅವರಿಗೆ ಅರ್ಧ ದಿನದ ಕೂಲಿ ಹೆಚ್ಚು ಕೊಡಬೇಕಾಗಿ ಬಂದರೆ ಸಂತೋಷದಿಂದ ಕೊಡಿ.