ಮೈ ಹಳೆಯದು, ಅಲಗು ಹೊಸದು

ಹಳೆಯ ಹತ್ತರಿಯೊಂದು ಕೈಗೆ ಸಿಕ್ಕರೆ ಅದರ ವಯಸ್ಸನ್ನು ಎಲ್ಲಿ ಹುಡುಕಬೇಕು? ಅಮೆರಿಕದ ಸ್ಟ್ಯಾನ್ಲಿ ಕಂಪನಿಯ ಕಬ್ಬಿಣದ ಹತ್ತರಿಯಾದರೆ ಕೆಲಸ ಸುಲಭ. ಕೆಲವು ಹತ್ತರಿಗಳ ಎರಕದಲ್ಲೇ ಪೇಟೆಂಟ್ ದಿನಾಂಕಗಳು ಮೂಡಿರುತ್ತವೆ. ಕೊನೆಯದು 1910ರ ಏಪ್ರಿಲ್ 19 ಆಗಿದ್ದರೆ, ಹತ್ತರಿ ಆ ದಿನಕ್ಕಿಂತ ಹಿಂದಿನದಲ್ಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಬಡಿಗೇರರು ತಾವೇ ಮಾಡಿಕೊಂಡ ಕಟ್ಟಿಗೆಯ ಹತ್ತರಿಗೆ ಅಂಥ ಮುದ್ರೆ ಎಲ್ಲಿಯದು?

ಅದರ ವಯಸ್ಸೆಲ್ಲ ಮೈಮೇಲೆ. ಬೆಣೆ ಸಡಿಲಿಸಲು ಬಡಿದು ಬಡಿದು ಹಿಂಬದಿ ಜಜ್ಜಿರುತ್ತದೆ. ಕೈ ಹಿಡಿದ ಕಡೆ ನುಣುಪಾಗಿರುತ್ತದೆ. ಎಲ್ಲಕ್ಕಿಂತ ಹೆಚ್ಚು ಹೇಳುವುದು ಬಾಯಿ, ಎಂದರೆ ತಳದಲ್ಲಿ ಅಲಗು ಹೊರಬರುವ ಸೀಳು. ಅಲಗು ಓರೆಯಾಗಿ ಕೂರುವುದರಿಂದ, ಸವೆದ ತಳವನ್ನು ಮಟ್ಟ ಮಾಡಿದಷ್ಟೂ ಬಾಯಿ ಅಗಲವಾಗುತ್ತದೆ. ಅಗಲ ಬಾಯಿಯ ಹತ್ತರಿ ಮರದಲ್ಲಿ ಸಿಬಿರು ಎಬ್ಬಿಸುತ್ತದೆ. ಆಗ ಬಡಿಗ ಅಲಗಿನ ಮುಂದೆ ಗಟ್ಟಿ ಕಟ್ಟಿಗೆಯ ತುಂಡು ಕೂರಿಸಿ ಬಾಯಿಯನ್ನು ಕಿರಿದು ಮಾಡುತ್ತಾನೆ. ಅಲಗಂತೂ ಸಾಣೆಗೆ ಸವೆದು ಗಿಡ್ಡವಾಗಿ ಬದಲಾಗಿರುತ್ತದೆ. ಮೈ ಅಜ್ಜನದು, ಅಲಗು ಅಪ್ಪನದು, ಬೆಣೆ ಮಗನದು ಆದಾಗ ಇದು ಯಾರ ಕಾಲದ ಹತ್ತರಿ?

ನ್ಯಾಯದರ್ಶನದವರಾದ ನೈಯಾಯಿಕರ ಲೆಕ್ಕದಲ್ಲಿ ಅವಯವಿ, ಎಂದರೆ ಇಡೀ ವಸ್ತು, ತನ್ನ ಅವಯವಗಳಿಂದ, ಬಿಡಿ ಭಾಗಗಳಿಂದ, ಬೇರೆಯೇ ಆದ ವಸ್ತು. ಒಂದು ಅವಯವ ಹೋದರೂ ಹಳೆಯದು ಅಳಿದು ಹೊಸದು ಹುಟ್ಟುತ್ತದೆ. ಹಾಗಾದರೆ ಬೆಣೆ ಬದಲಾದ ದಿನವೇ ಹೊಸ ಹತ್ತರಿ! ಬೌದ್ಧ ಭಿಕ್ಷು ನಾಗಸೇನ ಯವನ ದೊರೆ ಮಿಲಿಂದನಿಗೆ ಕೇಳಿದ್ದು ಬೇರೆ: ನೀನು ಬಂದ ರಥದಲ್ಲಿ ಅಚ್ಚು ರಥವೇ, ಗಾಲಿ ರಥವೇ? ಯಾವುದೂ ಅಲ್ಲ. ಎಲ್ಲ ಕೂಡಿದಾಗ ‘ರಥ’ ಎಂಬ ಹೆಸರಿನ ವ್ಯವಹಾರ, ಅಷ್ಟೆ.

ಅದೇ ಬಡಿಗೇರರ ಸೀಮೆಯ ಕೊಟ್ಟೂರಿನಲ್ಲಿ ಈ ಪ್ರಶ್ನೆ ಪುಸ್ತಕದ್ದಾಗಿ ಉಳಿಯಲಿಲ್ಲ. 2017ರ ಫೆಬ್ರುವರಿ 21ರಂದು ರಥೋತ್ಸವದಲ್ಲೇ ಅಚ್ಚು ಮುರಿದು ಕೊಟ್ಟೂರೇಶ್ವರನ ತೇರು ಉರುಳಿತು. ಆಮೇಲೆ ಹೊಸ ತೇರು ಬಂತು. ಜನರ ಬಾಯಲ್ಲಿ ಅದು ಈಗಲೂ ಕೊಟ್ಟೂರೇಶ್ವರನ ತೇರೇ. ನಾಗಸೇನ ‘ಬರೀ ಹೆಸರು’ ಎಂದದ್ದು ಇಲ್ಲಿ ಬರಿಯದಾಗಿ ಕಾಣುವುದಿಲ್ಲ. ಮಾಘದಲ್ಲಿ ಮಿಣಿ ಹಿಡಿದು ಎಳೆಯುವ ಕೈಗಳು ಆ ಹೆಸರಿಗೆ ತೂಕ ಕೊಟ್ಟಿವೆ. ಹರಪನಹಳ್ಳಿಯೂ ಹಾಗೆಯೇ. 1953ರಲ್ಲಿ ಮದ್ರಾಸ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ, 1997ರಲ್ಲಿ ದಾವಣಗೆರೆ ಜಿಲ್ಲೆಗೆ, ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಊರು ಮಾತ್ರ ಅದೇ.

ಹಾಗಾಗಿ ಹತ್ತರಿಗೆ ಒಂದೇ ಇಸವಿ ಹಚ್ಚುವುದು ಅನ್ಯಾಯ. ಸಂಗ್ರಹಕಾರರಲ್ಲಿ ಕೆಲವರು ಬಾಯಿಗೆ ತೇಪೆ ಬಿದ್ದುದನ್ನು ಊನವೆಂದು ಬೆಲೆ ಇಳಿಸುತ್ತಾರೆ. ಆದರೆ ಹತ್ತರಿ ಎಷ್ಟು ಮರ ಕಂಡಿದೆ, ಯಾರೋ ಅದನ್ನು ಬಿಸಾಡಲು ಒಪ್ಪದೆ ಹೇಗೆ ಉಳಿಸಿಕೊಂಡರು ಎಂಬ ಸಾಕ್ಷಿ ಇರುವುದು ಆ ತುಂಡಿನಲ್ಲೇ. ಗುರುತಿನ ಚೀಟಿಯಲ್ಲಿ ಮೈಯ ಕಾಲ, ಅಲಗಿನ ಕಾಲ, ತೇಪೆಯ ಕಾಲ, ಮೂರನ್ನೂ ಬೇರೆ ಬೇರೆಯಾಗಿ ಬರೆಯಬೇಕು.