ಸಪ್ಪಳ ನಿಂತಿದೆ, ಹೊಗೆ ನಿಂತಿಲ್ಲ

ಓದುವ ಭಾಗ: 1 ಸಮುವೇಲನು 15:10-23

ಈ ಮಳೆಯಲ್ಲೂ ಜಗಲಬೇಟದಿಂದ, ಕ್ಯಾಸಲ್‌ರಾಕ್ ಕಡೆಯಿಂದ ಬಂದಿದ್ದೀರಿ. ದೇವರಿಗೆ ಸ್ತೋತ್ರ.

ಹೋದ ಭಾನುವಾರ ಸಭೆಯ ವ್ಯಾನ್ ಯಾಕೆ ಬರಲಿಲ್ಲ ಅಂತ ಕೆಲವರು ಕೇಳಿದಿರಿ. ಅದರ ಸೈಲೆನ್ಸರ್ ಹೋಗಿತ್ತು. ಮೆಕ್ಯಾನಿಕ್ ಬಿಲ್ಲಿನಲ್ಲಿ ‘ಮಫ್ಲರ್’ ಅಂತ ಬರೆದಿದ್ದ. ನನ್ನ ಹೆಂಡತಿ ಅದನ್ನು ನೋಡಿ, “ಕೊರಳಿಗೆ ಸುತ್ಕೊಳ್ಳೋಕೆ ಎರಡು ಸಾವಿರದ ಮಫ್ಲರ್ ಬೇಕಿತ್ತಾ?” ಅಂದಳು. ನೀವು ನಗ್ತೀರಿ. ಆದರೆ ಆ ಸೈಲೆನ್ಸರ್ ಮೂಲಕ ಕರ್ತನು ನನ್ನ ಹತ್ತಿರ ಮಾತಾಡಿದ್ದಾನೆ. ಅದನ್ನು ಇವತ್ತು ನಿಮ್ಮ ಮುಂದೆ ಮುಚ್ಚಿಡದೆ ಹೇಳಬೇಕು.

ಮೇ ತಿಂಗಳಲ್ಲಿ ಅನಮೋಡ ಕಡೆಯಿಂದ ಬರುವಾಗ ಒಂದು ಕಲ್ಲು ಗಾಡಿಯ ಅಡಿಗೆ ಬಡಿಯಿತು. ಮರುದಿನದಿಂದ ವ್ಯಾನ್ ಟ್ರ್ಯಾಕ್ಟರ್ ಥರ ಕೂಗೋಕೆ ಶುರುಮಾಡಿತು. ರಾಮನಗರ ಪೇಟೆಯಲ್ಲಿ ಹೋದರೆ ಚಹಾ ಅಂಗಡಿಯವರೆಲ್ಲ ತಿರುಗಿ ನೋಡೋರು. ನನಗೆ ನಾಚಿಕೆ. ನಾನೇ ಗಾಡಿ ಕೆಳಗೆ ಮಲಗಿ, ತೂತಿನ ಮೇಲೆ ಪೇಸ್ಟ್ ಮೆತ್ತಿ, ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಸುತ್ತಿ, ತಂತಿ ಬಿಗಿದೆ. ಸಪ್ಪಳ ಇಳಿಯಿತು. ಖರ್ಚು ಬರೀ 180 ರೂಪಾಯಿ. ಆ ವಾರ ಇದೇ ಜಾಗದಲ್ಲಿ ನಿಂತು ‘ಕರ್ತನು ಹಣ ಉಳಿಸಿದನು’ ಅಂತ ಸಾಕ್ಷಿ ಹೇಳಿದೆ. ನೆನಪಿದೆಯಾ?

ಜೂನ್ ಬಂತು. ಮಳೆ ಅಂತ ಕಿಟಕಿ ಮುಚ್ಚಿದೆವು. ಆರಾಧನೆ ಮುಗಿಸಿ ನಿಮ್ಮನ್ನು ಮನೆಗೆ ಬಿಡುವಾಗ ಹಿಂದಿನ ಸೀಟಿನ ಮಕ್ಕಳು ತೂಕಡಿಸ್ತಿದ್ದವು, ತಲೆನೋವು ಅಂತಿದ್ದವು. ಒಬ್ಬ ಅಜ್ಜಿ ವಾಂತಿ ಮಾಡಿಕೊಂಡರು. ತಿರುವು ರಸ್ತೆ, ಅದಕ್ಕೇ ಹೀಗಾಗುತ್ತೆ ಅಂದುಕೊಂಡೆವು. ಪ್ರಾರ್ಥನೆಯನ್ನೂ ಮಾಡಿದೆವು.

ಬ್ರೇಕ್ ನೋಡಿಸೋಕೆ ಅಂತ ದಾಂಡೇಲಿಗೆ ಒಯ್ದಾಗ ಮೆಕ್ಯಾನಿಕ್ ಅಡಿಗೆ ಬಗ್ಗಿ ನೋಡಿದ. ಎದ್ದು ನಿಂತು ನನ್ನನ್ನೇ ನೋಡಿ ಹೇಳಿದ, “ಪಾಸ್ಟರ್, ಸಪ್ಪಳ ನಿಂತೈತ್ರಿ. ಹೊಗಿ ನಿಂತಿಲ್ರಿ.”

ನಾನು ಸುತ್ತಿದ ತಗಡಿನ ಸಂದಿಯಿಂದ ಹೊಗೆ ಮೇಲಕ್ಕೆ ಬರ್ತಿತ್ತು. ಗಾಡಿಯ ತಳದಲ್ಲಿ ತುಕ್ಕು ಹಿಡಿದ ಒಂದು ತೂತು. ಅದರ ನೇರ ಮೇಲೆ ಮಕ್ಕಳ ಸೀಟು. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಂತ ಒಂದು ಅನಿಲ ಇರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತ ಆಮ್ಲಜನಕವನ್ನು ಹಿಡಿಯೋದಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ನಿದ್ದೆ. ಜಾಸ್ತಿಯಾದರೆ ಆ ನಿದ್ದೆಯಿಂದ ಏಳೋದೇ ಇಲ್ಲ. ದೇವಜನರೇ, ನನ್ನ ಕೈಕಾಲು ತಣ್ಣಗಾಯಿತು. ಸಪ್ಪಳ ಇದ್ದಾಗ ನಮಗೆ ನಾಚಿಕೆ ಮಾತ್ರ ಇತ್ತು. ಸಪ್ಪಳವನ್ನು ಮುಚ್ಚಿದ ಮೇಲೆ ನಮ್ಮ ಮಕ್ಕಳಿಗೆ ಅಪಾಯ ಬಂತು.

ಈಗ ವಾಕ್ಯಕ್ಕೆ ಬನ್ನಿ. ಅಮಾಲೇಕ್ಯರದ್ದು ಏನನ್ನೂ ಉಳಿಸಬಾರದು ಅಂತ ಸೌಲನಿಗೆ ದೇವರ ಅಪ್ಪಣೆ ಆಗಿತ್ತು. ಅವನು ಒಳ್ಳೊಳ್ಳೆ ಕುರಿದನಗಳನ್ನು ಉಳಿಸಿಕೊಂಡ. ಸಮುವೇಲನು ಬಂದಾಗ ಸೌಲನೇ ಮುಂದೆ ಬಂದು ವಂದಿಸಿ, ಕರ್ತನು ಹೇಳಿದ್ದನ್ನೆಲ್ಲ ಮಾಡಿದೆ ಅಂತಾನೆ. ಇವತ್ತಿನ ಮಾತಲ್ಲಿ ಹೇಳೋದಾದರೆ ‘ಪ್ರೈಸ್ ದ ಲಾರ್ಡ್ ಬ್ರದರ್, ಎಲ್ಲಾ ಚೆನ್ನಾಗಿದೆ’! ಆಗ ಸಮುವೇಲನು ವಾದ ಮಾಡಲಿಲ್ಲ, ಕಿವಿಗೊಟ್ಟ. ಹಾಗಾದರೆ ನನ್ನ ಕಿವಿಗೆ ಬೀಳ್ತಿರೋ ಈ ಕುರಿಗಳ ಕೂಗು ಏನು ಅಂತ ಕೇಳಿದ. 14ನೇ ವಚನ ನೋಡಿ. ಸೌಲನ ಬಾಯಿ ಒಂದು ಹೇಳ್ತಿತ್ತು, ಹಿಂದೆ ಕಟ್ಟಿದ ಕುರಿಗಳು ಇನ್ನೊಂದು ಹೇಳ್ತಿದ್ದವು.

ಆ ಕುರಿ ಕೂಗಿದ್ದು ದೇವರ ಕರುಣೆ. ಆಗಲಾದರೂ ಸೌಲನು ‘ತಪ್ಪಾಯಿತು’ ಅನ್ನಬಹುದಿತ್ತು. ಅವನು ತಗಡು ಸುತ್ತಿದ. ಜನರು ಉಳಿಸಿದರು ಅಂದ, ಯಜ್ಞಕ್ಕೆ ಅಂತ ಉಳಿಸಿದ್ದು ಅಂದ. ಯಜ್ಞಕ್ಕಿಂತ ವಿಧೇಯತೆಯೇ ದೇವರಿಗೆ ಇಷ್ಟ ಅಂತ ಸಮುವೇಲನು ಹೇಳಿದ್ದು ಆಗಲೇ.

ಮೆಕ್ಯಾನಿಕ್ ಹಳೇ ಡಬ್ಬ ಬಿಚ್ಚಿ ಬಡಿದು ತೋರಿಸಿದ. ತುಕ್ಕಿನ ಪುಡಿ ಸುರಿಯಿತು. ಕಲ್ಲು ಬಡಿದದ್ದು ಹೊರಗಿನಿಂದ ನಿಜ, ಆದರೆ ಒಳಗೆ ಮೊದಲೇ ಕೊಳೆತಿತ್ತು. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತೆ. ದೂರ ಓಡಿಸಿದರೆ ಸೈಲೆನ್ಸರ್ ಬಿಸಿಯಾಗಿ ಆ ನೀರು ಆರಿಹೋಗುತ್ತೆ. ನಾನು ಮನೆಯಿಂದ ಪೇಟೆಗೆ, ಪೇಟೆಯಿಂದ ಸಭೆಗೆ ಅಂತ ಸಣ್ಣ ಸಣ್ಣ ಓಟವನ್ನೇ ಓಡಿಸ್ತಿದ್ದೆ. ಅದು ಪೂರ್ತಿ ಬಿಸಿ ಆಗಲೇ ಇಲ್ಲ, ನೀರು ಒಳಗೇ ಕೂತು ತಿಂದುಹಾಕಿತು. ನಮ್ಮ ಪ್ರಾರ್ಥನೆಯೂ ಹೀಗೇ ಆಗಿದೆಯಾ? ಊಟದ ಮುಂದೆ ಒಂದು ನಿಮಿಷ, ಮಲಗುವಾಗ ಒಂದು ನಿಮಿಷ. ಗಾಡಿ ಶುರುವಾಗುತ್ತೆ, ಬಿಸಿ ಮಾತ್ರ ಆಗೋದಿಲ್ಲ.

ಈಗ ನನ್ನ ಕುರಿಯ ವಿಷಯ ಹೇಳ್ತೇನೆ. ನಮ್ಮ ತಂದೆ ತೀರಿಕೊಂಡಾಗ ಆಸ್ಪತ್ರೆ, ಮಣ್ಣು ಎಲ್ಲದರ ಖರ್ಚನ್ನೂ ನನ್ನ ತಮ್ಮ ಹಾಕಿದ. ನನ್ನ ಪಾಲು 12,000 ಕೊಡ್ತೇನೆ ಅಂತ ಅಪ್ಪನ ಸಮಾಧಿ ಹತ್ತಿರವೇ ಮಾತು ಕೊಟ್ಟೆ. ಎರಡು ವರ್ಷ ಆಯಿತು, ಕೊಡಲಿಲ್ಲ. ಅವನು ಕೇಳೋದು ನಿಲ್ಲಿಸಿದ, ಆಮೇಲೆ ಫೋನ್ ಮಾಡೋದೂ ನಿಲ್ಲಿಸಿದ. ರಾತ್ರಿ ಮಲಗಿದರೆ ಆ ಮಾತು ಒಳಗೆ ಕೂಗ್ತಿತ್ತು. ನಾನೇನು ಮಾಡಿದೆ? ಉಪವಾಸ ಕೂಟ ಹೆಚ್ಚಿಸಿದೆ. ಕೀಬೋರ್ಡ್ ಜೋರು ಮಾಡಿಸಿದೆ, ಸೌಂಡ್ ಬಾಕ್ಸ್ ದೊಡ್ಡದು ತರಿಸಿದೆ. ದಶಮಾಂಶದ ಬಗ್ಗೆ ನಾಲ್ಕು ವಾರ ಪ್ರಸಂಗ ಮಾಡಿದೆ. ಎಲ್ಲವೂ ತಗಡು, ಪ್ರಿಯರೇ. ಒಳಗಿನ ಸಪ್ಪಳ ನಿಂತಿತು, ಹೊಗೆ ಮನೆಯೊಳಗೆ ಬರ್ತಾ ಇತ್ತು. ಮನೆಯಲ್ಲಿ ಸಿಟ್ಟು, ಮಕ್ಕಳ ಮೇಲೆ ರೇಗಾಟ. ಯಾಕೆ ಅಂತ ಹೆಂಡತಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಇನ್ನು ಹೊಸ ಸೈಲೆನ್ಸರ್ ವಿಷಯ. ಕಂಪನಿಯದ್ದು ಹುಬ್ಬಳ್ಳಿಯಿಂದ ಬರಬೇಕು, ದುಡ್ಡೂ ಎರಡು ಪಟ್ಟು. ಹೊರಗಿನವರು ಮಾಡಿದ್ದು ಎರಡು ಅವನ ಹತ್ತಿರವೇ ಇದ್ದವು. ನೋಡೋಕೆ ಎರಡೂ ಒಂದೇ, ಅದೇ ಕಪ್ಪು ಬಣ್ಣ. ಯಾವುದು ಒಳ್ಳೇದು ಅಂತ ಕೇಳಿದೆ. “ಕೈಯಾಗ ಹಿಡಿರಿ,” ಅಂದ. ಒಂದು ಹಗುರ, ಇನ್ನೊಂದು ಭಾರ. ಭಾರದ್ದರಲ್ಲಿ ಅಡ್ಡ ತಗಡುಗಳು, ತೂತಿನ ಕೊಳವೆಗಳು ಇವೆ. ಸಪ್ಪಳದ ಅಲೆಗಳು ಅಲ್ಲಿ ಬಡಿದು ಬಡಿದು ಒಂದನ್ನೊಂದು ಅಡಗಿಸ್ತವೆ. ಹಗುರದ್ದು ಬರೀ ಪೊಳ್ಳು. ದಾನಿಯೇಲ 5ರಲ್ಲಿ ಬೇಲ್ಶಚ್ಚರನಿಗೆ ಗೋಡೆಯ ಮೇಲೆ ಬಂದ ತೀರ್ಪೂ ತೂಕದ್ದೇ ಅಲ್ಲವಾ? ಕಂಪನಿ ಮುದ್ರೆ ಇದೆಯಾ ಅಂತ ಮೆಕ್ಯಾನಿಕ್ ಕೇಳಲಿಲ್ಲ, ಒಳಗೆ ಏನಿದೆ ಅಂತ ನೋಡಿದ. ನಾವು ದೊಡ್ಡ ಸಭೆಯವರಲ್ಲ. ನಾನೂ ಡಿಪ್ಲೊಮಾ ಓದಿದವನು, ದೊಡ್ಡ ಪದವಿ ಇಲ್ಲ. ಪರವಾಗಿಲ್ಲ. ದೇವರು ಎತ್ತಿ ನೋಡಿದಾಗ ತೂಕ ಇರಬೇಕು.

ಯೌವನಸ್ಥರಿಗೆ ಒಂದು ಮಾತು. ಬೈಕಿನ ಸೈಲೆನ್ಸರ್ ಒಳಗಿನದ್ದನ್ನು ಕಿತ್ತು ಪೊಳ್ಳು ಮಾಡಿ ಓಡಿಸ್ತೀರಿ. ಅಂಥ ಸೈಲೆನ್ಸರ್‌ಗಳ ಮೇಲೆ ಬೆಂಗಳೂರಿನಲ್ಲಿ ಪೊಲೀಸರು ರೋಡ್ ರೋಲರ್ ಹತ್ತಿಸಿದ್ದನ್ನು ನೋಡಿದ್ದೀರಿ. ಪೊಳ್ಳಾದಷ್ಟೂ ಸಪ್ಪಳ ಜಾಸ್ತಿ, ಶಕ್ತಿ ಅಲ್ಲ. ಇದನ್ನು ನನ್ನ ಸೌಂಡ್ ಬಾಕ್ಸಿಗೂ ಸೇರಿಸಿಯೇ ಹೇಳ್ತಿದ್ದೇನೆ.

ಕೂಡಿಸುವಾಗ ಮೆಕ್ಯಾನಿಕ್ ಹಳೇ ಗ್ಯಾಸ್ಕೆಟ್ ಎಸೆದ. ಹೊಸ ಡಬ್ಬಕ್ಕೆ ಹಳೇ ಗ್ಯಾಸ್ಕೆಟ್ ಹಾಕಿದರೆ ಕೀಲಿನಲ್ಲೇ ಸೋರುತ್ತಂತೆ. ಗಾಡಿಯ ತಳದ ತೂತನ್ನೂ ಮುಚ್ಚಿಸಿದ. ಆಮೇಲೆ ಇಂಜಿನ್ ಶುರುಮಾಡಿ, ದಪ್ಪ ಬಟ್ಟೆಯಿಂದ ಹಿಂದಿನ ಕೊಳವೆಯ ಬಾಯಿಯನ್ನು ಕ್ಷಣಹೊತ್ತು ಒತ್ತಿ ಹಿಡಿದು ಕಿವಿಗೊಟ್ಟ. ಸೋರಿಕೆ ಇದ್ದರೆ ಒತ್ತಿದಾಗ ಬುಸ್ ಅಂತ ಕೇಳುತ್ತೆ. ಕೇಳಲಿಲ್ಲ. ದಾವೀದನು 139ನೇ ಕೀರ್ತನೆಯ ಕೊನೆಯಲ್ಲಿ ಬೇಡೋದು ಇದನ್ನೇ. ನನ್ನನ್ನು ಪರೀಕ್ಷಿಸು, ಎಲ್ಲಿ ಸೋರುತ್ತೆ ನೋಡು ಅಂತ. ಅವನು ಸಪ್ಪಳ ಮುಚ್ಚು ಅಂತ ಬೇಡಲಿಲ್ಲ.

ಅಲ್ಲೇ ಗ್ಯಾರೇಜಿನ ಬೆಂಚಿನ ಮೇಲೆ ಕೂತು ತಮ್ಮನಿಗೆ ಫೋನ್ ಮಾಡಿದೆ. ‘ತಪ್ಪು ನನ್ನದು’ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಆಯ್ತು,” ಅಂದ, ಫೋನ್ ಇಟ್ಟ. ಅಷ್ಟೇ. ಅಪ್ಪಿಕೊಳ್ಳೋದು, ಅಳೋದು ಏನೂ ಆಗಲಿಲ್ಲ. ಅರ್ಧ ಹಣ ಕಳಿಸಿದ್ದೇನೆ, ಉಳಿದದ್ದು ಮುಂದಿನ ತಿಂಗಳು. ಅವನು ಇನ್ನೂ ಫೋನ್ ಮಾಡಿಲ್ಲ. ಆದರೆ ನನ್ನ ಮನೆಯೊಳಗೆ ಹೊಗೆ ನಿಂತಿದೆ.

ಹಿಂದಿನ ಸೀಟಿನಲ್ಲಿ ಕೂತಿದ್ದ ಮಕ್ಕಳ ತಾಯಿತಂದೆಗಳೇ, ಆ ಅಜ್ಜಿಯೇ, ನಿಮ್ಮ ಹತ್ತಿರವೂ ಕ್ಷಮೆ ಕೇಳ್ತೇನೆ. ಇನ್ನು ಮೇಲೆ ಯಾರ ಗಾಡಿಯಲ್ಲೇ ಆಗಲಿ, ಕೂತವರಿಗೆಲ್ಲ ತಲೆ ನೋಯೋಕೆ ಶುರುವಾದರೆ ಗಾಡಿ ನಿಲ್ಲಿಸಿ, ಕಿಟಕಿ ತೆಗೆದು, ಇಳಿದು ಗಾಳಿಗೆ ಬನ್ನಿ. ಪ್ರಾರ್ಥನೆ ಹೊರಗೆ ನಿಂತು ಮಾಡೋಣ.

ಕಾಣಿಕೆ ಎತ್ತುವ ಮುಂಚೆ ಮತ್ತಾಯ 5:23-24 ನೆನಪಿಸಿಕೊಳ್ಳಿ. ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗು ಅಂತ ಯೇಸು ಹೇಳಿದನು. ಇವತ್ತು ಕೀಬೋರ್ಡ್ ಬೇಡ. ಐದು ನಿಮಿಷ ಸುಮ್ಮನೆ ಕೂರೋಣ. ನಿಮ್ಮೊಳಗೆ ಯಾವ ಕುರಿ ಕೂಗ್ತಿದೆ, ಕೇಳಿಸಿಕೊಳ್ಳಿ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮ್ಮನ್ನು ಎಚ್ಚರಿಸಿದ ಸಪ್ಪಳಕ್ಕಾಗಿ ಸ್ತೋತ್ರ. ನಾವು ಸುತ್ತಿದ ತಗಡನ್ನು ನೀನೇ ಬಿಚ್ಚು. ಒಳಗೆ ಕೊಳೆತದ್ದನ್ನು ತೆಗೆದು ಹೊಸದು ಮಾಡು. ನಮ್ಮ ಮಕ್ಕಳು ಉಸಿರಾಡುವ ಮನೆಗಳನ್ನು ಕಾಪಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.