ಶಿರಾಜ್‌ನ ಊರು ಯಾವುದು?

ಹೆಬ್ಬಗೋಡಿಯಲ್ಲಿ ಯಾವ ಪರಿಚಯವಾದರೂ ‘ಯಾವೂರು?’ ಎಂಬ ಪ್ರಶ್ನೆಯಿಂದಲೇ ಶುರುವಾಗುತ್ತದೆ. ಬಾಡಿಗೆ ಮನೆಯ ಓನರ್ ಕೇಳುತ್ತಾರೆ, ದರ್ಶಿನಿಯಲ್ಲಿ ಪಕ್ಕಕ್ಕೆ ನಿಂತು ಇಡ್ಲಿ ತಿನ್ನುವವರು ಕೇಳುತ್ತಾರೆ, ಬೊಮ್ಮಸಂದ್ರದ ಕಾರ್ಖಾನೆಗಳ ಪಾಳಿ ಬಿಟ್ಟಾಗ ಶೇರ್ ಆಟೋದಲ್ಲಿ ಒತ್ತಿ ಕೂತವರೂ ಕೇಳುತ್ತಾರೆ. ‘ಇಲ್ಲೇ, ಹೆಬ್ಬಗೋಡಿ’ ಎಂದರೆ ಯಾರಿಗೂ ಸಮಾಧಾನವಿಲ್ಲ. ‘ಅದಲ್ಲ, ಸ್ವಂತ ಊರು?’ ಎಂಬ ಎರಡನೆಯ ಪ್ರಶ್ನೆ ಬಂದೇ ಬರುತ್ತದೆ. ನಾನು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವನು. ಐದು ವರ್ಷದಿಂದ ಇಲ್ಲಿದ್ದುಕೊಂಡು ಕನ್ನಡ ಕಾದಂಬರಿಗಳಲ್ಲಿ ವಲಸೆಯ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಹಾಗಾಗಿ ಈ ಪ್ರಶ್ನೆ ನನಗೆ ಓದಿನ ವಿಷಯವೂ ಹೌದು, ದಿನದ ವಿಷಯವೂ ಹೌದು. ಆದರೆ ಅದು ನನ್ನನ್ನು ಹೆಚ್ಚು ಕಾಡಿದ್ದು ಕಾದಂಬರಿಗಳನ್ನು ಓದುವಾಗ ಅಲ್ಲ, ವೈನ್ ಬಾಟಲಿಗಳನ್ನು ಆರಿಸುವಾಗ.

ನಮ್ಮ ಮನೆಯಲ್ಲಿ ಮೂವರಿದ್ದೇವೆ. ಒಬ್ಬ ರಾಯಚೂರಿನವನು, ಇನ್ನೊಬ್ಬ ಒಡಿಶಾದವನು. ತಿಂಗಳಿಗೊಂದು ಬಾಟಲಿ ವೈನ್ ತರೋಣ, ಮೂವರೂ ದುಡ್ಡು ಹಾಕೋಣ ಎಂದು ಮಾತಾಡಿಕೊಂಡಾಗ ಒಂದು ನಿಯಮವನ್ನೂ ಮಾಡಿಕೊಂಡೆವು: ಕೆಂಪು ವೈನ್ ಮಾತ್ರ, ಅದೂ ನಂದಿ ಬೆಟ್ಟದ ಸೀಮೆಯದು ಮಾತ್ರ. ಅಂಗಡಿಯ ಕಪಾಟಿನಲ್ಲಿ ನಾಸಿಕ್, ಆಸ್ಟ್ರೇಲಿಯಾ, ಚಿಲಿ, ಫ್ರಾನ್ಸ್ ಎಲ್ಲ ಒಟ್ಟಿಗೆ ನಿಂತಿರುತ್ತವೆ. ಅಷ್ಟೊಂದು ಇರುವಾಗ ನಾವು ನಿಜವಾಗಿ ಆರಿಸುವುದು ವೈನನ್ನಲ್ಲ, ಬೆಲೆಯನ್ನು ಮತ್ತು ಚೀಟಿಯ ಮೇಲಿನ ಚಿತ್ರವನ್ನು. ಮಣ್ಣು, ಮಳೆ, ತಳಿ, ಕೈಚಳಕ ಎಲ್ಲವೂ ಒಂದು ಬಾಟಲಿಯಿಂದ ಇನ್ನೊಂದಕ್ಕೆ ಬದಲಾದರೆ ರುಚಿಯ ವ್ಯತ್ಯಾಸ ಎಲ್ಲಿಂದ ಬಂತೆಂದು ತಿಳಿಯುವ ದಾರಿಯೇ ಇಲ್ಲ. ಸೀಮೆಯೊಂದನ್ನು ಹಿಡಿದು ನಿಲ್ಲಿಸಿದರೆ ಉಳಿದವು ಕಾಣತೊಡಗುತ್ತವೆ: ಇದು ಬರೀ ಶಿರಾಜ್, ಇದು ಕೆಬರ್ನೆ ಸೋವಿನ್ಯೋನ್ ಬೆರೆತದ್ದು, ಇದು ಮರದ ಪೀಪಾಯಿಯಲ್ಲಿ ಕೂತು ಬಂದದ್ದು. ಒಬ್ಬ ಲೇಖಕನ ಎಲ್ಲ ಕಥೆಗಳನ್ನು ಒಟ್ಟಿಗೆ ಓದಿದಾಗ ಪ್ರತಿ ಕಥೆಯೂ ಬೇರೆಯಾಗಿ ಕಾಣುವ ಹಾಗೆ.

ನಿಯಮದ ಮೊದಲ ಫಲ ಒಂದು ಸಣ್ಣ ತಿಳಿವಳಿಕೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂದು ಎಲ್ಲೆಲ್ಲೂ ಬರೆದಿರುತ್ತದೆ. ಅದು ಯೂರೋಪಿನ ತಣ್ಣನೆಯ ಮನೆಗಳ ಕೋಣೆ. ಮಾರ್ಚ್ ತಿಂಗಳಲ್ಲಿ, ಶೀಟಿನ ಮಾಡಿನ ಕೆಳಗಿನ ನಮ್ಮ ಕೋಣೆಯಲ್ಲಿ ಶಿರಾಜ್ ಬರೀ ಸ್ಪಿರಿಟ್ಟಿನಂತೆ ಮೂಗಿಗೆ ಹೊಡೆಯುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಹಣ್ಣಿನ ವಾಸನೆ ವಾಪಸು ಬರುತ್ತದೆ. ಬೇರೆಯವರ ಮನೆಯ ಅನುಭವ ನಮ್ಮಲ್ಲಿಗೆ ನಿಯಮವಾಗಿ ಬಂದು ಕೂತಿರುವುದು ಇದೊಂದರಲ್ಲೇ ಅಲ್ಲ.

ಎರಡನೆಯ ತಿಳಿವಳಿಕೆ ಮೂಲದ ಬಗ್ಗೆ. ಶಿರಾಜ್ ಎಂದರೆ ಇರಾನಿನ ಶಿರಾಜ್, ಹಾಫಿಜ್ ಕವಿಯ ಊರು. ಧರ್ಮಯುದ್ಧದಿಂದ ಮರಳಿದ ಒಬ್ಬ ಯೋಧ ಅಲ್ಲಿಂದ ಬಳ್ಳಿ ತಂದು ಫ್ರಾನ್ಸಿನ ರೋನ್ ನದಿಯ ಮೇಲಿನ ಎರ್ಮಿತಾಜ್ ಗುಡ್ಡದಲ್ಲಿ ನೆಟ್ಟ ಎಂಬ ಕಥೆ ಬಹಳ ಕಾಲ ಓಡಾಡಿತು. 1998ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾರೊಲ್ ಮೆರೆಡಿತ್ ಮತ್ತು ಫ್ರಾನ್ಸಿನ ಮಾಂಪೆಲಿಯೇದ ಸಂಶೋಧಕರು ಡಿಎನ್‌ಎ ಪರೀಕ್ಷೆ ಮಾಡಿದರು. ಈ ತಳಿಯ ತಂದೆ ತಾಯಿ ದುರೆಜಾ ಮತ್ತು ಮಾಂದ್ಯೂಜ್ ಬ್ಲಾಂಶ್ ಎಂಬ, ಫ್ರಾನ್ಸಿನ ಆಗ್ನೇಯ ಭಾಗದ ಎರಡು ಹೆಸರಿಲ್ಲದಂಥ ದ್ರಾಕ್ಷಿಗಳು ಎಂದು ಗೊತ್ತಾಯಿತು. ಫ್ರೆಂಚರು ಇದನ್ನು ಸಿರಾ ಎನ್ನುತ್ತಾರೆ. 1832ರಲ್ಲಿ ಜೇಮ್ಸ್ ಬಸ್ಬಿ ಆಸ್ಟ್ರೇಲಿಯಾಕ್ಕೆ ಕೊಂಡೊಯ್ದ ಕಡ್ಡಿಗಳಲ್ಲಿ ಇದೂ ಇತ್ತು. ಅಲ್ಲಿ ಅದು ಶಿರಾಜ್ ಎಂದೇ ಬೆಳೆಯಿತು. ಹೀಗೆ ಫ್ರಾನ್ಸಿನಲ್ಲಿ ಹುಟ್ಟಿ, ಇರಾನಿನ ಹೆಸರಿಟ್ಟುಕೊಂಡು, ಆಸ್ಟ್ರೇಲಿಯಾದಲ್ಲಿ ಜನಪ್ರಿಯವಾದ ಬಳ್ಳಿ ದೊಡ್ಡಬಳ್ಳಾಪುರದ ಕೆಂಪು ಮಣ್ಣಿಗೂ ಬಂತು. 1980ರ ದಶಕದಲ್ಲಿ ಕನ್ವಲ್ ಗ್ರೋವರ್ ಫ್ರೆಂಚ್ ತಳಿಗಳನ್ನು ಪರೀಕ್ಷಿಸಿ ಅಲ್ಲಿ ತೋಟ ಮಾಡಿದರು. 1990ರ ದಶಕದಲ್ಲಿ ಅವರ ವೈನ್ ಮಾರುಕಟ್ಟೆಗೆ ಬಂತು.

ಸರಿ, ಶಿರಾಜ್ ಹೊರಗಿನದು. ಹಾಗಾದರೆ ನಮ್ಮದು ಯಾವುದು? ‘ಬೆಂಗಳೂರು ಬ್ಲೂ’ ಎನ್ನಬೇಕು ಅನ್ನಿಸುತ್ತದೆ. ತಳ್ಳುಗಾಡಿಯಲ್ಲಿ ಕರಿ ದ್ರಾಕ್ಷಿ ಎಂದು ಸಿಗುವುದು. ಹಿಸುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ತಿರುಳು ಬಾಯಿಗೆ ಜಾರುವುದು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ಈ ದ್ರಾಕ್ಷಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಆದರೆ ವಂಶ ನೋಡಿದರೆ ಇದು ಇಸಾಬೆಲ್ಲಾ ಎಂಬ ಅಮೆರಿಕದ ಕಡೆಯ ದ್ರಾಕ್ಷಿಯ ಬಳಗ. ಫ್ರಾನ್ಸ್ 1930ರ ದಶಕದಲ್ಲಿ ಇಸಾಬೆಲ್ಲಾ ಮತ್ತು ಅದರಂಥ ಕೆಲವು ತಳಿಗಳ ವೈನನ್ನು ಮಾರಾಟದಿಂದಲೇ ಹೊರಗಿಟ್ಟಿತು. ಅಲ್ಲಿ ಬಹಿಷ್ಕೃತವಾದ ಕುಲದ ಹಣ್ಣು ಇಲ್ಲಿ ಬೆಂಗಳೂರಿನ ಹೆಸರನ್ನೇ ಹೊತ್ತಿದೆ. ಎರಡೂ ಬಂದವೇ. ಒಂದು ಮೊದಲು ಬಂತು, ಇನ್ನೊಂದು ಆಮೇಲೆ. ವಂಶವನ್ನು ಕೆದಕುತ್ತಾ ಹೋದರೆ ನಂದಿ ಸೀಮೆಯ ಕೆಂಪು ವೈನ್‌ಗಳಲ್ಲಿ ‘ಇಲ್ಲಿಯದು’ ಎಂಬ ಮಾತಿಗೆ ಏನೂ ಉಳಿಯುವುದಿಲ್ಲ.

ಆದರೂ ಆ ಬಾಟಲಿಗಳಲ್ಲಿ ಏನೋ ಒಂದು ಇಲ್ಲಿಯದು ಇದೆ. ಅದೇನೆಂದು ನನಗೆ ಗೊತ್ತಾದದ್ದು ನಮ್ಮೂರಿನ ಕಾಕಾನ ತೋಟದಿಂದ. ಅವರದು ಒಣದ್ರಾಕ್ಷಿಯ ತೋಟ, ವೈನಿಗೆ ಸಂಬಂಧವಿಲ್ಲ. ಯೂರೋಪಿನಲ್ಲಿ ಬಳ್ಳಿ ಚಳಿಗಾಲ ಬಂತೆಂದರೆ ಎಲೆ ಉದುರಿಸಿ ಮಲಗುತ್ತದೆ. ವರ್ಷಕ್ಕೊಮ್ಮೆ ಸವರಿದರೆ ಸಾಕು. ನಮ್ಮಲ್ಲಿ ಅದನ್ನು ಮಲಗಿಸುವಷ್ಟು ಚಳಿ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಚಾಟನಿ: ಬೇಸಿಗೆಯಲ್ಲಿ ಒಮ್ಮೆ, ಹೊಸ ಕಡ್ಡಿ ಬೆಳೆಸಲಿಕ್ಕೆ, ಮಳೆ ಹಿಂದಾದ ಮೇಲೆ ಇನ್ನೊಮ್ಮೆ, ಗೊನೆ ಬಿಡಿಸಲಿಕ್ಕೆ. ನಂದಿಯ ವೈನ್ ತೋಟಗಳಲ್ಲೂ ಲೆಕ್ಕ ಇದೇ. ಕೊಯ್ಲು ಬೇಸಿಗೆ ಶುರುವಾಗುವ ಹೊತ್ತಿಗೆ. ‘ಬಳ್ಳಿಗಿ ಇಲ್ಲಿ ನಿದ್ದಿ ಇಲ್ಲಪಾ, ನಮ್ಮ ಕತ್ತರಿನ ಅದರ ಚಳಿಗಾಲ’ ಎಂದು ಕಾಕಾ ಒಮ್ಮೆ ಅಂದಿದ್ದರು. ಫ್ರೆಂಚ್ ಬಳ್ಳಿಯನ್ನು ನಂದಿಯ ಬಳ್ಳಿಯಾಗಿ ಮಾಡಿದ್ದು ಈ ಎರಡನೆಯ ಕತ್ತರಿ. ಎಷ್ಟು ಕಣ್ಣು ಬಿಟ್ಟು ಎಲ್ಲಿ ಕತ್ತರಿಸಬೇಕು, ಅಕಾಲದ ಮಳೆ ಬಂದರೆ ಏನು ಮಾಡಬೇಕು ಎಂಬುದನ್ನು ಅದು ಬರುವಾಗ ಜೊತೆಗೆ ತಂದಿರಲಿಲ್ಲ; ಇಲ್ಲಿಯವರು ವರ್ಷ ವರ್ಷ ಮಾಡಿ ಕಲಿತದ್ದು. ಸೀಮೆಯ ರುಚಿ ಎಂದರೆ ಮಣ್ಣು ತನ್ನಷ್ಟಕ್ಕೆ ಹಣ್ಣಿನೊಳಗೆ ಏರುವುದಲ್ಲ. ಒಂದು ಜಾಗಕ್ಕೆ ಹೊಂದಿಕೊಂಡು ಮತ್ತೆ ಮತ್ತೆ ಮಾಡಿದ ಕೆಲಸ ಅದು.

ಇದನ್ನು ನಾಲಿಗೆಯಿಂದ ಸಾಬೀತು ಮಾಡಬಹುದೇ? ಡೇವಿಡ್ ಹ್ಯೂಮ್ 1757ರಲ್ಲಿ ಅಭಿರುಚಿಯ ಕುರಿತು ಬರೆದ ಪ್ರಬಂಧದಲ್ಲಿ ದಾನ್ ಕಿಹೋತೆಯ ಸ್ಯಾಂಕೋ ಹೇಳುವ ಒಂದು ಕಥೆ ಇದೆ. ಅವನ ಬಳಗದ ಇಬ್ಬರು ಒಂದೇ ಪೀಪಾಯಿಯ ವೈನ್ ಸವಿಯುತ್ತಾರೆ. ಒಬ್ಬನಿಗೆ ತೊಗಲಿನ ರುಚಿ ಸಿಗುತ್ತದೆ, ಇನ್ನೊಬ್ಬನಿಗೆ ಕಬ್ಬಿಣದ್ದು. ಜನ ನಗುತ್ತಾರೆ. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ದಾರ ಕಟ್ಟಿದ ಬೀಗದ ಕೈ ಸಿಗುತ್ತದೆ. ಇಬ್ಬರ ಮಾತೂ ನಿಜವಾಗಿತ್ತು. ಶಿರಾಜ್‌ನಲ್ಲೂ ಅಂಥದ್ದೊಂದು ಇದೆ. ಅದರಲ್ಲಿ ಕರಿಮೆಣಸಿನ ವಾಸನೆ ಬರುತ್ತದೆ ಎಂದು ಕುಡಿಯುವವರು ಹೇಳುತ್ತಲೇ ಇದ್ದರು. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಅದಕ್ಕೆ ಕಾರಣ ರೋಟಂಡೋನ್ ಎಂಬ ವಸ್ತು, ನಮ್ಮ ಕರಿಮೆಣಸಿನ ವಾಸನೆಯೂ ಅದರಿಂದಲೇ ಎಂದು ಪ್ರಕಟಿಸಿದರು. ಜೊತೆಗೆ, ಪರೀಕ್ಷೆಯಲ್ಲಿದ್ದವರಲ್ಲಿ ಸುಮಾರು ಐದನೇ ಒಂದು ಭಾಗದವರಿಗೆ ಆ ವಾಸನೆ ತಿಳಿಯಲೇ ಇಲ್ಲ. ನಮ್ಮ ಮನೆಯಲ್ಲಿ ರಾಯಚೂರಿನವನಿಗೆ ಮೆಣಸು ಸಿಗುವುದಿಲ್ಲ. ಒಡಿಶಾದವನಿಗೆ ಮೊದಲ ಗುಟುಕಿಗೇ ಸಿಗುತ್ತದೆ. ಸಿಗದಿದ್ದವನು ಒರಟನಲ್ಲ, ಸಿಕ್ಕವನು ರಸಿಕನೂ ಅಲ್ಲ.

ಆದರೆ ಹ್ಯೂಮನ ಪೀಪಾಯಿಯನ್ನು ನಾನು ಇನ್ನೊಂದು ರೀತಿಯಲ್ಲಿ ಬರಿದು ಮಾಡಿ ನೋಡಬೇಕೆನ್ನುತ್ತೇನೆ. ನಂದಿ ಸೀಮೆಯ ತಳದಲ್ಲಿ ಏನಿದೆ? ನಾಲಿಗೆಗೆ ಸಿಗದ ಎರಡು ವಸ್ತುಗಳಾದರೂ ಇವೆ. ಒಂದು ನೀರು. ಅರ್ಕಾವತಿ, ದಕ್ಷಿಣ ಪಿನಾಕಿನಿಗಳು ಹುಟ್ಟುವ ಬೆಟ್ಟದ ಸುತ್ತಲೇ ಕೊಳವೆಬಾವಿಗಳು ಪಾತಾಳಕ್ಕೆ ಇಳಿದಿವೆ. ಇವತ್ತು ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಚರಂಡಿ ನೀರನ್ನು ಶುದ್ಧೀಕರಿಸಿ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳಿಗೆ ಏರಿಸುತ್ತಾರೆ; ಇನ್ನೂ ಒಂದು ಹಂತ ಶುದ್ಧಮಾಡಿ ಕೊಡಿ ಎಂದು ಅಲ್ಲಿಯ ರೈತರು ಕೇಳುತ್ತಲೇ ಇದ್ದಾರೆ. ನಗರ ಬಳಸಿ ಬಿಟ್ಟ ನೀರು ಆ ಸೀಮೆಯ ಭಾಗವಾಗಿಬಿಟ್ಟಿದೆ. ಇನ್ನೊಂದು, ಕತ್ತರಿ ಹಿಡಿದ ಕೈ. ಚೀಟಿಯ ಮೇಲೆ ಬೆಟ್ಟದ ಹೆಸರಿರುತ್ತದೆ, ತಳಿಯ ಹೆಸರಿರುತ್ತದೆ. ಕೂಲಿಯವರ ಹೆಸರು ಇರುವುದಿಲ್ಲ, ಅವರು ಎಲ್ಲಿಂದ ಬಂದರೆಂಬುದೂ ಇರುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. ಕುಡಿತದಿಂದ ಮನೆ ಹಾಳಾದವರ ನಾಡಿನಲ್ಲಿ ಕೂತು ವೈನಿನ ತತ್ವ ಮಾತಾಡುವುದು ಯಾವ ನ್ಯಾಯ? 2007ನ್ನು ನೆನೆಯಬೇಕು. ಆ ವರ್ಷದ ಜುಲೈನಲ್ಲಿ ಕರ್ನಾಟಕ ಸಾರಾಯಿಯನ್ನು ನಿಷೇಧಿಸಿತು. ಅದೇ ವರ್ಷ ಸರ್ಕಾರ ದ್ರಾಕ್ಷಾರಸ ನೀತಿಯನ್ನು ತಂದು ವೈನಿಗೆ ಪ್ರೋತ್ಸಾಹ ಕೊಟ್ಟಿತು. ದ್ರಾಕ್ಷಾರಸ ಮಂಡಳಿಯೂ ಬಂತು. ಸಾರಾಯಿ ನಿಂತದ್ದು ತಪ್ಪೆಂದು ನಾನು ಹೇಳಲಾರೆ. ಅದಕ್ಕಾಗಿ ಬೀದಿಗಿಳಿದ ಹೆಂಗಸರ ಮುಂದೆ ನಿಂತು ಹಾಗೆ ಹೇಳುವ ಮುಖ ನನಗಿಲ್ಲ. ದ್ರಾಕ್ಷಿ ಬೆಳೆದವನಿಗೆ ಇನ್ನೊಂದು ಮಾರುಕಟ್ಟೆ ಸಿಕ್ಕಿದ್ದೂ ಕೆಟ್ಟದ್ದಲ್ಲ, ಕಾಕಾನ ಮನೆಯ ಕಷ್ಟ ಕಂಡವನು ನಾನು. ಆದರೆ ಒಂದು ಮಾತು ಉಳಿಯುತ್ತದೆ. ಒಬ್ಬರ ಗ್ಲಾಸಿನಲ್ಲಿರುವುದನ್ನು ಚಟ ಎಂದೂ ಇನ್ನೊಬ್ಬರ ಗ್ಲಾಸಿನಲ್ಲಿರುವುದನ್ನು ಅಭಿರುಚಿ ಎಂದೂ ಕರೆಯುವಾಗ ನಾವು ಅಳೆಯುವುದು ಎಷ್ಟೋ ಸಲ ಕುಡಿದ ಪ್ರಮಾಣವನ್ನಲ್ಲ, ಕುಡಿದವನ ಬಟ್ಟೆಯನ್ನು. ಆರಿಸುವ ಸುಖ ಇರುವವನಿಗೆ ಅದರ ಜೊತೆ ಒಂದು ಹೊಣೆಯೂ ಇದೆ. ತಿಂಗಳಿಗೊಂದೇ ಬಾಟಲಿ ಎಂಬ ನಮ್ಮ ಲೆಕ್ಕದಲ್ಲಿ ಆ ಹೊಣೆಯ ಒಂದು ಪಾಲು ಮಾತ್ರ ಇದೆ. ಉಳಿದ ಪಾಲು ಎಂದರೆ, ಯಾವ ಸೀಮೆಯನ್ನು ಆರಿಸಿದೆವೋ ಅದನ್ನು ಪೂರ್ತಿ ಆರಿಸುವುದು. ಬೆಟ್ಟ ಬೇಕು, ಕೆಂಪು ಮಣ್ಣು ಬೇಕು, ಅಲ್ಲಿಯ ನೀರಿನ ಜಗಳ ಮಾತ್ರ ಬೇಡ ಎನ್ನುವುದು ಆಯ್ಕೆಯಲ್ಲ.

ಇದರಿಂದ ‘ಯಾವೂರು?’ ಎಂಬ ಪ್ರಶ್ನೆಗೂ ಒಂದು ಬೆಳಕು ಬೀಳುತ್ತದೆ. 2024ರ ಜುಲೈನಲ್ಲಿ ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟು, ಎರಡೇ ದಿನದಲ್ಲಿ ತಡೆಹಿಡಿಯಿತು. ಅದರ ಪ್ರಕಾರ ಸ್ಥಳೀಯ ಎಂದರೆ ರಾಜ್ಯದಲ್ಲಿ ಹುಟ್ಟಿರಬೇಕು, 15 ವರ್ಷ ವಾಸವಿರಬೇಕು, ಕನ್ನಡ ಆಡಲು, ಓದಲು, ಬರೆಯಲು ಬರಬೇಕು. ಕನ್ನಡದ ಹುಡುಗರಿಗೆ ತಮ್ಮ ನಾಡಿನ ಕಾರ್ಖಾನೆಯ ಗೇಟಿನಲ್ಲೇ ಕೆಲಸ ಸಿಗದ ನೋವು ಸುಳ್ಳಲ್ಲ. ನಮ್ಮ ಜಿಲ್ಲೆಯ ಎಷ್ಟೋ ಜನ ಆ ಗೇಟಿನ ಮುಂದೆ ನಿಂತು ಬಂದವರು. ಆ ಮೂರು ಷರತ್ತುಗಳಲ್ಲಿ ವಾಸ ಮತ್ತು ಭಾಷೆ ನನಗೆ ಅರ್ಥವಾಗುತ್ತವೆ. ಅವೆರಡೂ ಮಾಡಿ ಗಳಿಸುವಂಥವು. ಹುಟ್ಟು ಮಾತ್ರ ಯಾರೂ ಮಾಡಿದ ಕೆಲಸವಲ್ಲ. ಒಡಿಶಾದ ಗೆಳೆಯ ನನಗಿಂತ ನಾಲ್ಕು ವರ್ಷ ಮೊದಲು ಹೆಬ್ಬಗೋಡಿಗೆ ಬಂದವನು. ಯಾವ ಬೀದಿಯಲ್ಲಿ ಯಾವ ದಿನ ನೀರಿನ ಟ್ಯಾಂಕರ್ ಬರುತ್ತದೆ ಎಂದು ನನಗೆ ಹೇಳಿಕೊಟ್ಟವನು ಅವನು. ಓನರ್ ಜೊತೆ ಕನ್ನಡದಲ್ಲೇ ಬಾಡಿಗೆಯ ಚೌಕಾಸಿ ಮಾಡುತ್ತಾನೆ. ಅಂಗಡಿಯ ಬೋರ್ಡುಗಳನ್ನು ಕೂಡಿಸಿ ಕೂಡಿಸಿ ಓದಲು ಕಲಿತಿದ್ದಾನೆ. ಇನ್ನು ಎಷ್ಟು ವರ್ಷ ದುಡಿದರೂ ಮೊದಲ ಷರತ್ತು ಮಾತ್ರ ಅವನಿಗೆ ದಕ್ಕುವುದಿಲ್ಲ.

ಮನುಷ್ಯರು ಬಳ್ಳಿಗಳಲ್ಲ, ನಿಜ. ಬಳ್ಳಿಗೆ ಭಾಷೆ ಇಲ್ಲ, ಮತ ಇಲ್ಲ, ಅದನ್ನು ತಂದವರು ಕೇಳಿ ತರಲಿಲ್ಲ. ಹಾಗಿರುವಾಗ ಬಳ್ಳಿಗೆ ನಾವು ತೋರಿಸಿದಷ್ಟು ಔದಾರ್ಯ, ದುಡಿಯಲೆಂದೇ ಬಂದು ಇಲ್ಲಿಯ ಮಾತು ಕಲಿತವನಿಗೆ ತೋರಿಸದಿದ್ದರೆ ಅದಕ್ಕೆ ಕಾರಣ ಹೇಳಬೇಕಾದವರು ನಾವು. ಬೆಂಗಳೂರು ಬ್ಲೂವಿಗೆ ಬೆಂಗಳೂರಿನ ಹೆಸರು ಕೊಟ್ಟಾಗ ಅದರ ಅಜ್ಜಿ ಯಾವ ಖಂಡದವಳೆಂದು ಯಾರೂ ಕೇಳಲಿಲ್ಲ. ಇಲ್ಲಿ ಬೆಳೆಯಿತು, ಇಲ್ಲಿಯ ರೈತ ಅದನ್ನು ಬೆಳೆಸಲು ಕಲಿತ, ಅಷ್ಟು ಸಾಕಾಯಿತು.

ನಮ್ಮ ನಿಯಮ ಇನ್ನೂ ಇದೆ, ಮೊದಲು ಮಾಡಿದಾಗಿನ ಅರ್ಥದಲ್ಲಿ ಅಲ್ಲ. ಸೀಮೆಯ ಗಡಿ ಹಾಕಿಕೊಂಡದ್ದು ಅದರಾಚೆಯದು ಕೀಳು ಎಂದಲ್ಲ, ಒಂದು ಜಾಗದ ಮೇಲಾದರೂ ಗಮನವಿಡಲಿಕ್ಕೆ. ಮುಂದಿನ ಬಾಟಲಿ ಬೆಂಗಳೂರು ಬ್ಲೂವಿನ ಸಿಹಿ ವೈನ್ ಎಂದು ತೀರ್ಮಾನವಾಗಿದೆ. ಶಿರಾಜ್‌ಗೆ ಹೋಲಿಸಿದರೆ ಅದು ಸಾದಾ, ಅಗ್ಗ. ವೈನ್ ಬಲ್ಲವರು ಮೂಗು ಮುರಿಯುತ್ತಾರೆ. ಅದನ್ನೂ ಅರ್ಧ ಗಂಟೆ ತಣ್ಣಗಿಟ್ಟು, ಸ್ಟೀಲ್ ಲೋಟದಲ್ಲೇ ಕುಡಿದು, ಮೂವರೂ ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಹೇಳಬೇಕೆಂದು ಮಾತಾಗಿದೆ.